ಕಂಕುಳಿನ ಗಂಟು ತೆಗೆದ ಕೈಗೆ ವ್ಯಾಯಾಮ: ಯಾವುದು, ಎಷ್ಟು, ಯಾವಾಗ?

ಪ್ರಶ್ನೆ: ನನಗೆ 54 ವರ್ಷ. ಹುಟ್ಟೂರು ಕುಂದಾಪುರದ ಹತ್ತಿರ. ಮದುವೆಯಾದ ಮೇಲೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಬಲ ಸ್ತನದ ಕ್ಯಾನ್ಸರಿಗೆ ಮೊದಲು ಎಂಟು ಕೀಮೋ, ಆಮೇಲೆ ಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದ ಆಪರೇಷನ್, ಕೊನೆಗೆ 15 ದಿನ ರೇಡಿಯೇಷನ್ ಆಯಿತು. ಆಪರೇಷನ್ ಆಗಿ ಎಂಟು ತಿಂಗಳು ಕಳೆದಿದೆ. ಈಗ ದಿನವೂ ಲೆಟ್ರೊಜೋಲ್ ಎಂಬ, ಹಾರ್ಮೋನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಯೂ ಇದೆ. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಕೈ ಚಾಚಿದರೆ ಕಂಕುಳಿನಿಂದ ಮೊಣಕೈಯವರೆಗೆ ದಾರ ಬಿಗಿದಂತೆ ಎಳೆಯುತ್ತದೆ. ತಲೆ ಬಾಚಲು, ರವಿಕೆ ತೊಡಲು ಮಗಳು ಬೇಕು. ಆಸ್ಪತ್ರೆಯಲ್ಲಿ ವ್ಯಾಯಾಮದ ಹಾಳೆ ಕೊಟ್ಟಿದ್ದರು. ನೋವಾಗುತ್ತದೆಂದು ಸ್ವಲ್ಪ ದಿನ ಮಾಡಿ ಬಿಟ್ಟೆ. ಆ ಕೈಯಲ್ಲಿ ಇನ್ನು ಒಂದು ಕಿಲೋ ಕೂಡ ಎತ್ತಬಾರದು, ಎತ್ತಿದರೆ ಆನೆಕಾಲಿನ ಹಾಗೆ ಬಾತುಕೊಳ್ಳುತ್ತದೆ ಎಂದು ಅತ್ತಿಗೆ ಹೇಳುತ್ತಾರೆ. ವ್ಯಾಯಾಮ ಮಾಡಿದರೆ ರಕ್ತದ ಓಟ ಹೆಚ್ಚಿ ಕ್ಯಾನ್ಸರ್ ಬೇರೆ ಕಡೆ ಹರಡುತ್ತದೆಯೆ? ಬೆಳಿಗ್ಗೆ ನೀರು ಬಂದಾಗ ಬಕೆಟ್ ಎತ್ತಬಹುದೆ? ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿಯಬಹುದೆ? ಮೊದಲು ಸೂರ್ಯನಮಸ್ಕಾರ ಮಾಡುತ್ತಿದ್ದೆ, ಅದು ಇನ್ನು ಸಾಧ್ಯವೆ? ಎಂಟು ತಿಂಗಳಾಯಿತು, ಈಗ ತಡವಾಯಿತೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಡವಾಗಿಲ್ಲ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಶುರುಮಾಡಿದ್ದರೆ ಕೆಲಸ ಇನ್ನಷ್ಟು ಸುಲಭವಾಗುತ್ತಿತ್ತು ಎಂಬುದು ನಿಜ, ಆದರೆ ವರ್ಷ ಕಳೆದ ಮೇಲೆ ಬಂದವರ ಭುಜವೂ ಸಡಿಲವಾದದ್ದನ್ನು ಮುಂಬೈಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ನೀವು ಬರೆದಿರುವ ಮಾತುಗಳಲ್ಲಿ ಎರಡು ಬೇರೆ ಬೇರೆ ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಕೈಯನ್ನು ಆಡಿಸಿದರೆ ಬಾವು ಬರುತ್ತದೆ ಎಂಬುದು ಒಂದು, ಆಡಿಸದೆ ಇದ್ದುದರಿಂದ ಕೈ ಬಿಗಿದುಹೋಗಿದೆ ಎಂಬುದು ಇನ್ನೊಂದು. ಮೊದಲನೆಯದರ ಭಯವೇ ಎರಡನೆಯದನ್ನು ಬೆಳೆಸಿದೆ ಎಂದು ನನಗೆ ಅನಿಸುತ್ತದೆ. ಆದ್ದರಿಂದ ಭಯದಿಂದಲೇ ಆರಂಭಿಸೋಣ.

ವ್ಯಾಯಾಮದಿಂದ ರಕ್ತದ ಓಟ ಹೆಚ್ಚಿ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕ್ಯಾನ್ಸರ್ ಕಣಗಳು ಬೇರೆ ಅಂಗಕ್ಕೆ ಹೋಗಿ ಬೇರೂರುವುದು ಆ ಕಣಗಳ ಗುಣ ಮತ್ತು ಆ ಅಂಗದ ಪರಿಸರವನ್ನು ಅವಲಂಬಿಸಿರುತ್ತದೆ. ನಡೆದಾಡಿದರೆ ಅಥವಾ ಕೈ ಎತ್ತಿದರೆ ಅದು ಆಗುವುದಿಲ್ಲ. ಚಿಕಿತ್ಸೆಯ ನಂತರ ಚಟುವಟಿಕೆಯಿಂದ ಇರುವ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ ಎಂದು ಬಹಳ ಕಾಲದ ಗಮನಿಕೆಗಳು ಹೇಳುತ್ತವೆ. ಆದರೆ ಆರೋಗ್ಯವಾಗಿರುವವರೇ ಹೆಚ್ಚು ನಡೆಯುತ್ತಾರೆ ಎಂಬ ಕಾರಣವೂ ಅದರಲ್ಲಿ ಸೇರಿರಬಹುದಾದ್ದರಿಂದ, ವ್ಯಾಯಾಮವೇ ಸ್ತನ ಕ್ಯಾನ್ಸರನ್ನು ತಡೆಹಿಡಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಮಾತ್ರ 2025ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ, ಮೂರು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿದವರಲ್ಲಿ ಕಾಯಿಲೆ ಮರಳುವುದೂ ಸಾವೂ ಕಡಿಮೆಯಾದದ್ದನ್ನು ತೋರಿಸಿತು. ನಿಮ್ಮ ಕಾಯಿಲೆಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ವ್ಯಾಯಾಮ ಕ್ಯಾನ್ಸರನ್ನು ಕೆರಳಿಸುತ್ತದೆ ಎಂಬ ಹೆದರಿಕೆಯನ್ನಂತೂ ನೀವು ಬಿಟ್ಟುಬಿಡಬಹುದು.

ಬಾವಿನ ವಿಷಯ ಹಾಗಲ್ಲ. ಅದರ ಹಿಂದೆ ನಿಜವಾದ ಕಾರಣವಿದೆ, ಆದ್ದರಿಂದ ಅದನ್ನು ಸುಳ್ಳು ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಕೈಯ ಚರ್ಮ ಮತ್ತು ಮಾಂಸದ ನಡುವೆ ಒಸರುವ ದ್ರವವನ್ನು ದುಗ್ಧರಸ ನಾಳಗಳು ಹೀರಿಕೊಂಡು, ಕಂಕುಳಿನ ಗ್ರಂಥಿಗಳ ಮೂಲಕ ಹಾಯಿಸಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ನೀವು ಗಂಟುಗಳು ಎಂದು ಬರೆದಿರುವುದು ಈ ಗ್ರಂಥಿಗಳನ್ನೇ. ಅವುಗಳನ್ನು ತೆಗೆದಾಗ, ಅದರ ಮೇಲೆ ರೇಡಿಯೇಷನ್ ಕೂಡ ಕೊಟ್ಟಾಗ, ಕೆಲವು ದಾರಿಗಳು ಮುಚ್ಚಿಹೋಗುತ್ತವೆ. ಮಳೆಗಾಲದಲ್ಲಿ ಪರೇಲಿನ ಹಿಂದಮಾತಾ ಕಡೆ ನೀರು ನಿಲ್ಲುವುದನ್ನು ನೀವು ನೋಡಿರುತ್ತೀರಿ: ಸಾಧಾರಣ ಮಳೆಗೆ ಅಲ್ಲಿನ ಚರಂಡಿಗಳು ಸಾಲುತ್ತವೆ, ಒಂದೇ ಗಂಟೆಯಲ್ಲಿ ವಿಪರೀತ ಸುರಿದಾಗ ಮಾತ್ರ ರಸ್ತೆ ತುಂಬುತ್ತದೆ. ನಿಮ್ಮ ಕೈಯಲ್ಲಿ ಉಳಿದಿರುವ ನಾಳಗಳೂ ಸಾಮಾನ್ಯ ದಿನದ ದ್ರವವನ್ನು ಹೊರಡಿಸಲು ಸಾಕಾಗುತ್ತವೆ. ಸೋಂಕು, ಸುಟ್ಟ ಗಾಯ, ಅಭ್ಯಾಸವಿಲ್ಲದ ಕೈಗೆ ಏಕಾಏಕಿ ಬಿದ್ದ ಭಾರೀ ಕೆಲಸ ಇವುಗಳಿಂದ ದ್ರವ ಒಮ್ಮೆಲೇ ಹೆಚ್ಚಾದಾಗ ತೊಂದರೆಯಾಗುತ್ತದೆ. ಈ ಬಾವಿಗೆ ವೈದ್ಯರು ಲಿಂಫೆಡೀಮಾ ಎನ್ನುತ್ತಾರೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿಯಾಗಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ; ಒಂದೆರಡು ಗ್ರಂಥಿಗಳನ್ನು ಮಾತ್ರ ಪರೀಕ್ಷೆಗೆಂದು ತೆಗೆದವರಲ್ಲಿ ನೂರಕ್ಕೆ ಐದಾರು ಮಂದಿಗೆ. ಎಂದರೆ ನಿಮ್ಮಂತಹ ಆಪರೇಷನ್ ಆದವರಲ್ಲೂ ಹೆಚ್ಚಿನವರಿಗೆ ಬರುವುದಿಲ್ಲ.

ಅತ್ತಿಗೆಯವರ ಮಾತು ಅವರ ಕಲ್ಪನೆಯಲ್ಲ. ಬಹಳ ವರ್ಷ ಆಸ್ಪತ್ರೆಗಳೇ ರೋಗಿಗಳಿಗೆ ಹಾಗೆ ಹೇಳಿ ಕಳಿಸುತ್ತಿದ್ದವು: ಭಾರ ಎತ್ತಬೇಡಿ, ಆ ಕೈಯಿಂದ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಡಿ. ಆ ಸಲಹೆಯನ್ನು ಪರೀಕ್ಷೆಗೆ ಒಡ್ಡಿದ್ದು 1996ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ. ಅಲ್ಲಿಯ ಕ್ರೀಡಾ ವೈದ್ಯ ಡಾ. ಡಾನ್ ಮೆಕೆಂಜಿ, ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡ 24 ಮಹಿಳೆಯರನ್ನು ಡ್ರ್ಯಾಗನ್ ದೋಣಿಯ (ಹಲವರು ಸಾಲಾಗಿ ಕೂತು ನಡೆಸುವ ಉದ್ದನೆಯ ಚೀನೀ ದೋಣಿ) ಹುಟ್ಟು ಹಾಕಲು ಕೂರಿಸಿದರು. ಎರಡೂ ಕೈಗಳಿಂದ ಬಿರುಸಾಗಿ ಹುಟ್ಟು ಹಾಕುವುದು ಅಂದಿನ ಸಲಹೆಗೆ ಪೂರ್ತಿ ವಿರುದ್ಧವಾದ ಕೆಲಸ. ಮೊದಲು ತಯಾರಿ ಮಾಡಿಸಿ, ನಿಧಾನವಾಗಿ ಶ್ರಮ ಹೆಚ್ಚಿಸಿದ್ದರಿಂದ ಅವರಲ್ಲಿ ಹೊಸದಾಗಿ ಯಾರಿಗೂ ಬಾವು ಬರಲಿಲ್ಲ. ಅಮೆರಿಕದಲ್ಲಿ ನಡೆದು 2009 ಮತ್ತು 2010ರಲ್ಲಿ ಪ್ರಕಟವಾದ ಭಾರ ಎತ್ತುವ ಪ್ರಯೋಗಗಳು ಇನ್ನಷ್ಟು ಕಟ್ಟುನಿಟ್ಟಾದವು. ಈಗಾಗಲೇ ಬಾವು ಇದ್ದ 141 ಮಹಿಳೆಯರಲ್ಲಿ ವಾರಕ್ಕೆರಡು ದಿನ ಭಾರ ಎತ್ತಿದವರ ಬಾವು ಹೆಚ್ಚಲಿಲ್ಲ. ಅದು ಕೆರಳುವ ಪ್ರಸಂಗಗಳು ಎತ್ತದವರಿಗಿಂತ ಕಡಿಮೆಯಿದ್ದವು. ಬಾವು ಇಲ್ಲದವರ ಪೈಕಿ, ಐದು ಅಥವಾ ಹೆಚ್ಚು ಗ್ರಂಥಿಗಳನ್ನು ತೆಗೆಸಿಕೊಂಡವರನ್ನು ನೋಡಿದಾಗ, ಭಾರ ಎತ್ತಿದವರಲ್ಲಿ ಶೇ. 7ರಷ್ಟು ಮಂದಿಗೆ, ಎತ್ತದವರಲ್ಲಿ ಶೇ. 22ರಷ್ಟು ಮಂದಿಗೆ ಬಾವು ಕಾಣಿಸಿತು. ಕಾರಣ ಅರ್ಥವಾಗುವಂಥದೇ. ದುಗ್ಧರಸವನ್ನು ತಳ್ಳಲು ಹೃದಯದಂತಹ ಒಂದು ಪಂಪ್ ಇಲ್ಲ. ನಾಳಗಳು ತಾವೇ ಹಿಗ್ಗಿ ಕುಗ್ಗುವುದರ ಜೊತೆಗೆ ಸುತ್ತಲಿನ ಸ್ನಾಯುಗಳ ಬಿಗಿತ ಸಡಿಲಿಕೆಯೂ ಆಳವಾದ ಉಸಿರಾಟವೂ ಅದನ್ನು ಮೇಲಕ್ಕೆ ಒತ್ತುತ್ತವೆ. ಅದಲ್ಲದೆ ಬಲವಾದ ಕೈಗೆ ಐದು ಕಿಲೋ ಸಾಧಾರಣ ಕೆಲಸ, ತಿಂಗಳುಗಟ್ಟಲೆ ಸೆರಗಿನೊಳಗೆ ಮಡಚಿಟ್ಟ ಕೈಗೆ ಅದೇ ಐದು ಕಿಲೋ ಆಘಾತ.

ಈ ಪ್ರಯೋಗಗಳಲ್ಲಿ ಯಾರೂ ಮೊದಲ ದಿನವೇ ಭಾರ ಎತ್ತಲಿಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಬಹುತೇಕ ಏನೂ ಭಾರವಿಲ್ಲದೆ ಆರಂಭಿಸಿ, ತರಬೇತಾದವರ ಕಣ್ಣೆದುರು, ತೊಂದರೆ ಇಲ್ಲವೆಂದು ಖಾತ್ರಿಯಾದ ಮೇಲೆ ಅತಿ ಚಿಕ್ಕ ಹೆಜ್ಜೆಗಳಲ್ಲಿ ಹೆಚ್ಚಿಸಿದರು. ಭಾರಕ್ಕೆ ಮೇಲ್ಮಿತಿ ಇರಲಿಲ್ಲ, ಅವಸರಕ್ಕೆ ಇತ್ತು.

ಇನ್ನು ನಿಮ್ಮ ಬಿಗಿತ. ಅದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿರಬಹುದು, ಯಾವುದು ಎಷ್ಟು ಎಂದು ತಿಳಿಯದೆ ವ್ಯಾಯಾಮ ಮಾಡಿದರೆ ನೋವು ಉಳಿಯುತ್ತದೆ, ಫಲ ಸಿಗುವುದಿಲ್ಲ. ದಾರ ಬಿಗಿದಂತೆ ಎಂದು ನೀವು ಬರೆದದ್ದು ನೂರಾರು ಮಹಿಳೆಯರು ಹೇಳುವ ಮಾತು, ಕಂಕುಳಿನ ಗ್ರಂಥಿ ತೆಗೆದವರಲ್ಲಿ ಇದು ಸಾಮಾನ್ಯ. ಕೈಯನ್ನು ಪಕ್ಕಕ್ಕೆ ಚಾಚಿ ಕನ್ನಡಿಯಲ್ಲಿ ನೋಡಿದರೆ ಕಂಕುಳಿನ ಚರ್ಮದ ಕೆಳಗೆ ಒಂದೋ ಎರಡೋ ತೆಳ್ಳಗಿನ ತಂತಿಗಳು ಎದ್ದು ನಿಂತದ್ದು ಕಾಣಬಹುದು. ಕೆಲವರಲ್ಲಿ ಅವು ಮೊಣಕೈ ದಾಟಿ ಹೆಬ್ಬೆರಳಿನ ಬುಡದವರೆಗೂ ಹೋಗುತ್ತವೆ. ಕತ್ತರಿಸಿಹೋದ ದುಗ್ಧರಸ ನಾಳಗಳು ಮತ್ತು ಅವುಗಳ ಸುತ್ತಲಿನ ಅಂಗಾಂಶ ಗಟ್ಟಿಯಾಗುವುದರಿಂದ ಹೀಗಾಗುತ್ತದೆ ಎಂಬುದು ಇಂದಿನ ತಿಳಿವಳಿಕೆ. ಸಾಮಾನ್ಯವಾಗಿ ಆಪರೇಷನ್ನಿನ ನಂತರದ ಮೊದಲ ಎರಡು ತಿಂಗಳಲ್ಲಿ ಕಾಣಿಸಿಕೊಂಡು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಕೆಲವರಲ್ಲಿ ಉಳಿಯುತ್ತದೆ, ಹೋದದ್ದು ಮರಳಿಯೂ ಬರುತ್ತದೆ. ಇದು ಕ್ಯಾನ್ಸರಿನ ಬೇರಲ್ಲ, ಕಿತ್ತುಹೋಗಬಾರದ ನರವೂ ಅಲ್ಲ. ವ್ಯಾಯಾಮ ಮಾಡುವಾಗ ಎಂದಾದರೂ ಪಟ್ ಎಂದು ಅದು ಬಿಟ್ಟುಕೊಂಡು ಕೈ ತಟ್ಟನೆ ಹಗುರವಾದರೆ ಗಾಬರಿಯಾಗಬೇಡಿ, ಹಾಗಾಗುವುದುಂಟು. ಆದರೆ ಬೇಕೆಂದೇ ಬಲವಾಗಿ ಎಳೆದು ಅದನ್ನು ಕಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮೃದುವಾಗಿ ಚಾಚುವುದರಿಂದಲೇ ಹೆಚ್ಚಿನವರಿಗೆ ಸಾಕಾಗುತ್ತದೆ.

ಎರಡನೆಯದು ರೇಡಿಯೇಷನ್. ಚರ್ಮದ ಕಪ್ಪು ಬಣ್ಣ ಕೆಲವು ವಾರಗಳಲ್ಲಿ ತಿಳಿಯಾದರೂ ಎದೆಯ ಮುಂಭಾಗದ ಸ್ನಾಯುಗಳು ಒಳಗೊಳಗೇ ಗಟ್ಟಿಯಾಗುತ್ತ ಹೋಗುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕೆಲಸ. ಕೈ ಈಗ ಸರಿಯಾಯಿತು ಎಂದು ಚಾಚುವ ವ್ಯಾಯಾಮ ನಿಲ್ಲಿಸಿದವರು ಒಂದು ವರ್ಷದ ಮೇಲೆ ಮತ್ತೆ ಬಿಗಿದುಕೊಂಡು ಬರುವುದು ಇದರಿಂದಲೇ. ರೇಡಿಯೇಷನ್ ಆದವರು ಕನಿಷ್ಠ ಎರಡು ವರ್ಷ ದಿನಕ್ಕೆ ಹತ್ತು ನಿಮಿಷವಾದರೂ ಇದನ್ನು ಮುಂದುವರಿಸಬೇಕು ಎಂದು ನಾನು ಹೇಳುತ್ತೇನೆ.

ಮೂರನೆಯದರ ಕಡೆಗೆ ನಿಮ್ಮ ಗಮನ ವಿಶೇಷವಾಗಿ ಬೇಕು, ಏಕೆಂದರೆ ನಿಮಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜದ ಕೀಲಿನ ಹೊದಿಕೆಯೇ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಹೆಚ್ಚು, ಕೈ ಅಲುಗಾಡಿಸದೆ ಇಟ್ಟರೆ ಇನ್ನೂ ಹೆಚ್ಚು. ಇದನ್ನು ಮನೆಯಲ್ಲೇ ಒಂದಿಷ್ಟು ಗುರುತಿಸಬಹುದು. ಎರಡೂ ಮೊಣಕೈಗಳನ್ನು ಸೊಂಟಕ್ಕೆ ಒತ್ತಿ ಹಿಡಿದು, ಮುಂಗೈಗಳನ್ನು ಮುಂದಕ್ಕೆ ಚಾಚಿ, ಬಾಗಿಲಿನ ಎರಡು ಕದಗಳು ತೆರೆಯುವಂತೆ ಹೊರಕ್ಕೆ ತಿರುಗಿಸಿ. ಎಡಗೈ ಸಲೀಸಾಗಿ ಹೋಗಿ ಬಲಗೈ ಅರ್ಧದಲ್ಲೇ ನಿಂತರೆ, ಮಗಳು ಮೆಲ್ಲಗೆ ತಳ್ಳಿದರೂ ಗೋಡೆಗೆ ತಾಗಿದಂತೆ ನಿಂತರೆ, ಕೀಲೇ ಬಿಗಿದಿರುವ ಸಾಧ್ಯತೆ ಹೆಚ್ಚು. ಆಗ ಬರೀ ಕಂಕುಳನ್ನು ಚಾಚುತ್ತ ಕೂತರೆ ಸಾಲದು. ಮೂಳೆ ವೈದ್ಯರನ್ನು ಕಾಣಬೇಕು, ಕೆಲವರಿಗೆ ಕೀಲಿನೊಳಗೆ ಇಂಜೆಕ್ಷನ್ ಬೇಕಾಗುತ್ತದೆ (ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು), ಚೇತರಿಕೆಗೆ ತಿಂಗಳುಗಳು ಹಿಡಿಯುತ್ತವೆ.

ಇನ್ನೊಂದು ಪರೀಕ್ಷೆಯನ್ನೂ ಮಗಳಿಂದಲೇ ಮಾಡಿಸಿ. ನೀವು ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಾಗ ಹಿಂದಿನಿಂದ ಅವರು ನೋಡಲಿ. ಬಲಗಡೆಯ ಹೆಗಲಿನ ಹಿಂದಿನ ಚಪ್ಪಟೆ ಮೂಳೆ ರೆಕ್ಕೆಯ ಹಾಗೆ ಹೊರಕ್ಕೆ ಎದ್ದು ಬರುತ್ತಿದ್ದರೆ ಆಪರೇಷನ್ನಿನಲ್ಲಿ ಒಂದು ನರಕ್ಕೆ ಪೆಟ್ಟಾಗಿರಬಹುದು. ಅದು ಬಹಳಷ್ಟು ಸಲ ತಾನಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಅಂಥವರಿಗೆ ವ್ಯಾಯಾಮ ಬೇರೆ ರೀತಿ ಹೊಂದಿಸಬೇಕಾದ್ದರಿಂದ ಫಿಸಿಯೋಥೆರಪಿಸ್ಟ್‌ಗೆ ತಿಳಿಸಲೇಬೇಕು. ಮೇಲ್ತೋಳಿನ ಒಳಬದಿ ಜೋಮು ಹಿಡಿದಂತಿರುವುದು ಬೇರೆ ವಿಷಯ. ಕಂಕುಳನ್ನು ಹಾದುಹೋಗುವ ಸ್ಪರ್ಶದ ನರ ಕಡಿದಾಗ ಅದು ಆಗುತ್ತದೆ, ಬಲಕ್ಕೆ ತೊಂದರೆಯಿಲ್ಲ.

ವ್ಯಾಯಾಮ ಆರಂಭಿಸುವ ಮೊದಲು ಎರಡೂ ಕೈಗಳ ಅಳತೆ ತೆಗೆದಿಡಿ. ದರ್ಜಿಯ ಟೇಪು ಸಾಕು. ಮಣಿಕಟ್ಟು, ಮೊಣಕೈಯ ಮಡಿಕೆಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ, ಹೀಗೆ ಮೂರು ಕಡೆ, ಟೇಪನ್ನು ಬಿಗಿಯದೆ, ಪ್ರತಿ ತಿಂಗಳು ಒಂದೇ ಹೊತ್ತಿನಲ್ಲಿ. ನಿಮ್ಮದು ಬಲಗೈ, ಕೆಲಸ ಮಾಡುವ ಕೈ, ಅದು ಮೊದಲಿನಿಂದಲೂ ಸ್ವಲ್ಪ ದಪ್ಪ ಇದ್ದೀತು. ಆದ್ದರಿಂದ ಎಡಗೈಗೂ ಬಲಗೈಗೂ ಇರುವ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದೆಯೇ ಎಂಬುದನ್ನೇ ನೋಡಬೇಕು. ವ್ಯತ್ಯಾಸ 2 ಸೆಂ.ಮೀ. ಮುಟ್ಟುವವರೆಗೆ ಕಾಯಬೇಡಿ. ಬಳೆ ಬಿಗಿಯಾಗುವುದು, ರವಿಕೆಯ ತೋಳು ಒಂದೇ ಕಡೆ ಗುರುತು ಮೂಡಿಸುವುದು, ಸಂಜೆಯಾದರೆ ಕೈ ಭಾರ ಎನಿಸುವುದು ಟೇಪಿಗಿಂತ ಮೊದಲೇ ಸುದ್ದಿ ಕೊಡುತ್ತವೆ.

ಮೊದಲ ಎರಡು ಮೂರು ವಾರ ಬಲದ ಮಾತೇ ಬೇಡ, ಚಲನೆ ಮಾತ್ರ. ಬಿಸಿನೀರಿನ ಸ್ನಾನ ಆದ ಮೇಲೆ ಮೈ ಸಡಿಲವಾಗಿರುತ್ತದೆ, ಆ ಹೊತ್ತು ಒಳ್ಳೆಯದು. ಗೋಡೆಗೆ ಬೆನ್ನು ಕೊಟ್ಟು ನಿಂತು, ನಿಧಾನವಾಗಿ ಆಳವಾಗಿ ಉಸಿರಾಡುತ್ತ, ಹೆಗಲುಗಳನ್ನು ಹಿಂದಕ್ಕೆ ಕೆಳಕ್ಕೆ ಸುತ್ತಿಸಿ. ಆಪರೇಷನ್ ಆದ ಕಡೆಗೆ ಬಾಗಿ ನಿಲ್ಲುವ ಅಭ್ಯಾಸ ಹೆಚ್ಚಿನವರಿಗೆ ಗೊತ್ತಿಲ್ಲದೆಯೇ ಬಂದಿರುತ್ತದೆ. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿ, ಮಡಚಿದ ಉದ್ದ ಕೊಡೆಯೊಂದನ್ನು ಎರಡೂ ಕೈಗಳಲ್ಲಿ ಹಿಡಿದು ತಲೆಯ ಕಡೆಗೆ ಒಯ್ಯಿರಿ. ಎಡಗೈ ಕೆಲಸ ಮಾಡಲಿ, ಬಲಗೈ ಅದರ ಜೊತೆ ಹೋಗಲಿ. ಎಳೆತ ಶುರುವಾದ ಜಾಗದಲ್ಲಿ ನಿಂತು ಮೂರು ನಾಲ್ಕು ಉಸಿರು ತೆಗೆದುಕೊಳ್ಳಿ. ಉಸಿರು ಬಿಡುವಾಗ ಒಂದೆರಡು ಬೆರಳಿನಷ್ಟು ಮುಂದೆ ಹೋಗುತ್ತದೆ. ಹತ್ತು ಸಲ, ದಿನಕ್ಕೆ ಎರಡು ಹೊತ್ತು.

ಬೆರಳುಗಳಿಂದ ಗೋಡೆ ಹತ್ತುವ ವ್ಯಾಯಾಮ ನಿಮ್ಮ ಹಾಳೆಯಲ್ಲೂ ಇದ್ದಿರಬೇಕು. ಅದನ್ನು ಹೆಚ್ಚಿನವರು ತಪ್ಪಾಗಿ ಮಾಡುವುದು ಒಂದೇ ಕಡೆ: ಕೈ ಮೇಲೇರದಿದ್ದಾಗ ಹೆಗಲನ್ನು ಕಿವಿಯವರೆಗೆ ಎತ್ತಿ, ಸೊಂಟ ಓರೆ ಮಾಡಿ, ಏರಿತೆಂದು ಭಾವಿಸುತ್ತಾರೆ. ಕನ್ನಡಿಯ ಪಕ್ಕದ ಗೋಡೆ ಆರಿಸಿಕೊಳ್ಳಿ. ಹೆಗಲು ಕೆಳಗೇ ಇದ್ದಾಗ ತೋರುಬೆರಳು ಎಲ್ಲಿ ಮುಟ್ಟಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ವಾರಕ್ಕೊಮ್ಮೆ ಗೆರೆ ಹಾಕಿದರೆ ಸಾಕು, ದಿನವೂ ಹಾಕಿದರೆ ನಿರಾಸೆಯಾಗುತ್ತದೆ. ಗೋಡೆಗೆ ಎದುರಾಗಿ ನಿಂತು ಒಮ್ಮೆ, ಗೋಡೆ ಬಲ ಪಕ್ಕಕ್ಕೆ ಬರುವಂತೆ ನಿಂತು ಒಮ್ಮೆ ಮಾಡಬೇಕು. ಎರಡನೆಯದು ಹೆಚ್ಚು ಕಷ್ಟ, ಹೆಚ್ಚು ಅಗತ್ಯ. ದಾರದ ಎಳೆತಕ್ಕೆಂದು, ಮಲಗಿದಲ್ಲೇ ಕೈಯನ್ನು ಪಕ್ಕಕ್ಕೆ ಚಾಚಿ ಅಂಗೈಯನ್ನು ಮೇಲ್ಮುಖ ಮಾಡಿ, ಮೊಣಕೈ ನೆಟ್ಟಗಿಟ್ಟು, ಬೆರಳುಗಳನ್ನು ಮೆಲ್ಲಗೆ ನೆಲದ ಕಡೆಗೆ ಬಾಗಿಸಿ. ಎಡಗೈಯ ಬೆರಳುಗಳನ್ನು ಕಂಕುಳಿನ ಬಳಿ ಹಗುರವಾಗಿ ಇಟ್ಟರೆ ದಾರ ಬಿಗಿಯುವುದೂ ಸಡಿಲವಾಗುವುದೂ ತಿಳಿಯುತ್ತದೆ.

ನೋವಾಯಿತೆಂದು ನೀವು ಬಿಟ್ಟಿರಿ. ಯಾವ ನೋವಿಗೆ ನಿಲ್ಲಿಸಬೇಕು, ಯಾವುದಕ್ಕೆ ನಿಲ್ಲಿಸಬಾರದು ಎಂದು ಯಾರೂ ಬಿಡಿಸಿ ಹೇಳದೆ ಹಾಳೆಯೊಂದನ್ನೇ ಕೈಗಿತ್ತರೆ ಯಾರಾದರೂ ಬಿಡುತ್ತಾರೆ. ಸಹಿಸಲಾರದ ನೋವು ಹತ್ತು ಎಂದುಕೊಂಡರೆ, ಮೂರು ನಾಲ್ಕರ ಮಟ್ಟದ ಎಳೆತ, ವ್ಯಾಯಾಮ ಮುಗಿದ ಅರ್ಧ ಗಂಟೆಯಲ್ಲಿ ಕಡಿಮೆಯಾಗುವಂಥದು, ಇರಬಹುದು. ಚುಚ್ಚುವ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಮರುದಿನ ಬೆಳಿಗ್ಗೆಯೂ ಉಳಿದ ನೋವು ಅಥವಾ ಕೈಭಾರ, ಇವು ಹಿಂದಿನ ದಿನದ ವ್ಯಾಯಾಮ ಹೆಚ್ಚಾಯಿತು ಎಂಬುದರ ಸೂಚನೆ. ಆಗ ಒಂದು ದಿನ ಬಿಟ್ಟು, ಅರ್ಧಕ್ಕೆ ಇಳಿಸಿ ಮತ್ತೆ ಮಾಡಿ. ಕೈಬಿಡಬೇಡಿ.

ಕೈ ತಲೆಯ ಮಟ್ಟ ತಲುಪಿದ ಮೇಲೆ ಬಲದ ವ್ಯಾಯಾಮಕ್ಕೆ ಹೋಗಬಹುದು, ವಾರಕ್ಕೆ ಎರಡು ದಿನ, ನಡುವೆ ಎರಡು ದಿನದ ಬಿಡುವು. ಅರ್ಧ ಲೀಟರ್ ನೀರಿನ ಬಾಟಲಿ ಸುಮಾರು ಅರ್ಧ ಕಿಲೋ ತೂಗುತ್ತದೆ, ಆರಂಭಕ್ಕೆ ಅಷ್ಟೇ. ಅದನ್ನು ಹಿಡಿದು ಮೊಣಕೈ ಮಡಚಿ ಬಿಡಿಸುವುದು, ಮುಂದಕ್ಕೆ ಬಾಗಿ ಬಾಟಲಿಯನ್ನು ಪಕ್ಕೆಗೆ ಎಳೆದುಕೊಳ್ಳುವುದು, ಗೋಡೆಗೆ ಅಂಗೈ ಊರಿ ದೇಹವನ್ನು ತಳ್ಳುವುದು, ಕಾಲುಗಳಿಗೆಂದು ಕೈ ಊರದೆ ಕುರ್ಚಿಯಿಂದ ಏಳುವುದು ಮತ್ತು ಕೂರುವುದು. ಪ್ರತಿಯೊಂದೂ ಹತ್ತು ಸಲ. ಎರಡು ಸರದಿ ತೊಂದರೆಯಿಲ್ಲದೆ ಮುಗಿದು, ಮರುದಿನ ಕೈ ಮಾಮೂಲಾಗಿದ್ದರೆ ಮಾತ್ರ ಅರ್ಧ ಕಿಲೋ ಹೆಚ್ಚಿಸಿ. ಜ್ವರ, ಮದುವೆ, ಊರಿನ ಪ್ರಯಾಣ ಎಂದು ಒಂದು ವಾರಕ್ಕಿಂತ ಹೆಚ್ಚು ಬಿಟ್ಟರೆ ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದ ಶುರುಮಾಡಬೇಡಿ, ಎರಡು ಹೆಜ್ಜೆ ಕೆಳಗಿಂದ ಬನ್ನಿ.

ಲೆಟ್ರೊಜೋಲ್ ತೆಗೆದುಕೊಳ್ಳುವವರಲ್ಲಿ ಬಹಳ ಮಂದಿಗೆ ಬೆಳಿಗ್ಗೆ ಏಳುವಾಗ ಬೆರಳು, ಮಂಡಿ ಬಿಗಿದಿರುತ್ತವೆ. ಈ ನೋವಿಗಾಗಿಯೇ ಮಾತ್ರೆ ನಿಲ್ಲಿಸಿದವರನ್ನೂ ನಾನು ಕಂಡಿದ್ದೇನೆ, ಅದು ನನ್ನನ್ನು ಬಹಳ ಕಳವಳಕ್ಕೆ ಈಡುಮಾಡುತ್ತದೆ. ನಡಿಗೆ ಮತ್ತು ಬಲದ ವ್ಯಾಯಾಮ ಸೇರಿದರೆ ಆ ನೋವು ಗಮನಾರ್ಹವಾಗಿ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮಾತ್ರೆಯಿಂದ ಮೂಳೆ ಸವೆಯುವುದೂ ಇರುವುದರಿಂದ, ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಆಗಿಲ್ಲವಾದರೆ ವೈದ್ಯರನ್ನು ಕೇಳಿ. ಚಿಕಿತ್ಸೆಯ ನಂತರದ ಆಯಾಸದ ಬಗ್ಗೆ ನೀವು ಬರೆದಿಲ್ಲ, ಆದರೆ ಇರಬಹುದು. ಮಲಗಿದಷ್ಟೂ ಹೆಚ್ಚುವ ಆಯಾಸ ಅದು. ವಾರಕ್ಕೆ ಮೂರು ದಿನ, ಮಾತಾಡಲು ಸಾಧ್ಯವಾಗುವ ಆದರೆ ಹಾಡಲು ಆಗದ ವೇಗದಲ್ಲಿ ಅರ್ಧ ಗಂಟೆಯ ನಡಿಗೆ ಅದಕ್ಕೆ ನನಗೆ ತಿಳಿದ ಅತ್ಯುತ್ತಮ ಔಷಧ. ಮೊದಲ ವಾರ ಹತ್ತು ನಿಮಿಷವಾದರೂ ಸರಿ. ಕೀಮೋದಿಂದ ಪಾದಗಳು ಜೋಮು ಹಿಡಿದಿದ್ದರೆ ಚಪ್ಪಲಿ ಬಿಟ್ಟು ಹಿಂಬದಿ ಮುಚ್ಚಿದ ಶೂ ಹಾಕಿ, ಮಳೆಗಾಲದಲ್ಲಿ ಕಟ್ಟಡದ ಒಳಗಿನ ಮೊಗಸಾಲೆಯಲ್ಲೇ ನಡೆಯಿರಿ. ಸಕ್ಕರೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಾದರೆ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಬ್ಯಾಗಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ರೋಗಿಗಳು ಕೆಂಪು ಔಷಧಿ ಎಂದು ಗುರುತಿಸುವ ಡಾಕ್ಸೊರುಬಿಸಿನ್ ನಿಮಗೂ ಕೊಟ್ಟಿದ್ದರೆ ಅದು ಹೃದಯದ ಮೇಲೆ ಪರಿಣಾಮ ಮಾಡಬಲ್ಲದು. ಮಹಡಿ ಹತ್ತುವಾಗ ಹೊಸದಾಗಿ ಏದುಸಿರು ಬರುತ್ತಿದ್ದರೆ ಹೃದಯದ ಎಕೋ (ಸ್ಕ್ಯಾನ್) ಪರೀಕ್ಷೆ ಆಗುವವರೆಗೆ ವೇಗ ಹೆಚ್ಚಿಸಬೇಡಿ.

ಬಕೆಟ್ಟಿನ ಪ್ರಶ್ನೆಗೆ ಬರುತ್ತೇನೆ. ತುಂಬಿದ ಬಕೆಟ್ 15 ಕಿಲೋಗಿಂತ ಹೆಚ್ಚೇ ತೂಗುತ್ತದೆ. ನೀರು ನಿಲ್ಲುವುದರೊಳಗೆ ತುಂಬಬೇಕೆಂಬ ಅವಸರದಲ್ಲಿ ಅದನ್ನು ಜಗ್ಗಿ ಎತ್ತುತ್ತೇವೆ. ಇವತ್ತಿನ ನಿಮ್ಮ ಕೈಗೆ ಅದು ಬೇಡ. ಪೈಪ್ ಹಾಕಿ ಡ್ರಮ್ ತುಂಬಿಸಿ, ಅಥವಾ ಕಾಲು ಬಕೆಟ್ ಅನ್ನು ಎರಡೂ ಕೈಯಲ್ಲಿ, ಮೈಗೆ ಹತ್ತಿರ ಹಿಡಿದು ಎತ್ತಿ. ಬಾಟಲಿಯಿಂದ ಆರಂಭಿಸಿ ಮನೆಯಲ್ಲಿ ನಾಲ್ಕೈದು ಕಿಲೋ ಎತ್ತುವ ಹಂತಕ್ಕೆ ಬಂದಾಗ, ಅದಕ್ಕೆ ಕೆಲವು ತಿಂಗಳು ಬೇಕು, ಅರ್ಧ ಬಕೆಟ್ಟಿಗೆ ಕೈ ಹಾಕಬಹುದು. ಹಿಟ್ಟು ನಾದುವುದು, ಬಟ್ಟೆ ಒಣಗಿಸುವುದು, ಕಾಯಿ ತುರಿಯುವುದು ಇಂದಿನಿಂದಲೇ ಮಾಡಿ. ಒಂದೇ ಸಲ ಹತ್ತು ಕಾಯಿ ಬೇಡ, ಅಷ್ಟೇ. ಮನೆಯವರು ಪ್ರೀತಿಯಿಂದಲೇ ನಿಮ್ಮ ಕೈಯಿಂದ ಪ್ರತಿಯೊಂದು ಪಾತ್ರೆಯನ್ನೂ ಕಸಿದುಕೊಳ್ಳುತ್ತಿರಬಹುದು. ಅವರಿಗೂ ಈ ಉತ್ತರ ಓದಿಸಿ.

ಲೋಕಲ್‌ನಲ್ಲಿ ಭಾರಕ್ಕಿಂತ ಜಗ್ಗುವಿಕೆಯದೇ ಅಪಾಯ. ಗಾಡಿ ಬ್ರೇಕ್ ಹಾಕಿದಾಗ ಇಡೀ ದೇಹದ ತೂಕ ಮೇಲಕ್ಕೆತ್ತಿದ ಬಿಗಿದ ಭುಜದ ಮೇಲೆ ಬೀಳುತ್ತದೆ. ಸದ್ಯಕ್ಕೆ ಎಡಗೈಯಿಂದ ಎದೆಮಟ್ಟದ ಕಂಬ ಹಿಡಿಯಿರಿ, ಬಲಗಡೆಗೆ ಗೋಡೆಯ ಆಸರೆ ಇರಲಿ, ಬ್ಯಾಗು ಬಲ ಹೆಗಲಿಗೆ ಬೇಡ. ಮುಂಬೈ ಲೋಕಲ್‌ಗಳ ವಿಕಲಚೇತನರ ಬೋಗಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿದೆ, ಆಸ್ಪತ್ರೆಯ ಕಾಗದ ಜೊತೆಗಿಟ್ಟುಕೊಳ್ಳಿ. ಡೊಂಬಿವಲಿಯಿಂದ ದಾದರ್ ಕಡೆಗೆ ಬೆಳಗಿನ ಗಾಡಿಯಲ್ಲಿ ನಿಂತು ಬಂದವರಿಗೆ ಇದನ್ನು ಬಳಸಿಕೊಳ್ಳಲು ಸಂಕೋಚ ಯಾಕಿರಬೇಕು ಎಂದು ನನಗೆ ಅರ್ಥವಾಗಿಲ್ಲ. ನಿಂತ ನೆಲದಲ್ಲಿ ಕೈ ನೋವಿಲ್ಲದೆ ಪೂರ್ತಿ ಮೇಲೇರಿ, ಬಾಟಲಿಯ ಭಾರವನ್ನೂ ತಲೆಯ ಮೇಲೆ ಎತ್ತಲು ಸಾಧ್ಯವಾದ ಮೇಲೆ ಹಿಡಿಕೆ ಹಿಡಿಯಿರಿ.

ಸೂರ್ಯನಮಸ್ಕಾರ ನಿಮಗೆ ಮರಳಿ ಸಿಗುತ್ತದೆ, ತುಂಡು ತುಂಡಾಗಿ. ಕೈ ಮೇಲೆತ್ತುವ ಮತ್ತು ಮುಂದೆ ಬಾಗುವ ಹಂತಗಳನ್ನು ಈಗಲೇ ನಿಮ್ಮ ಮಿತಿಯಲ್ಲಿ ಮಾಡಬಹುದು. ಅಂಗೈಗಳ ಮೇಲೆ ಮೈಭಾರ ಬೀಳುವ ಹಂತಗಳನ್ನು ಮೊದಲು ಗೋಡೆಗೆ, ಆಮೇಲೆ ಗಟ್ಟಿ ಮೇಜಿಗೆ ಕೈ ಊರಿ, ಕೊನೆಗೆ ನೆಲದ ಮೇಲೆ ಮಾಡಿ. ಶೀರ್ಷಾಸನ ಮತ್ತು ಕೈಗಳ ಮೇಲೆ ನಿಲ್ಲುವ ಆಸನಗಳನ್ನು ನಾನು ಸಲಹೆ ಮಾಡುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಚಿಕಿತ್ಸೆ ಪಡೆದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೇ ಮರಳುವುದು ಎಲ್ಲಕ್ಕಿಂತ ಒಳ್ಳೆಯದು, ನಿಮ್ಮ ಆಪರೇಷನ್ನಿನ ವಿವರ ಅಲ್ಲಿದೆ. ತೊಂದರೆಯೆಂದರೆ ದೂರ ಮತ್ತು ಕಾಯುವಿಕೆ. ತಿಂಗಳಿಗೆ ಒಂದೆರಡು ಸಲ ಅಲ್ಲಿಗೆ ಹೋಗಿ, ಉಳಿದಂತೆ ಮನೆಯಲ್ಲಿ ಮಾಡುವುದು ಹೆಚ್ಚಿನವರಿಗೆ ಹೊಂದುತ್ತದೆ. ಹತ್ತಿರದ ಫಿಸಿಯೋಥೆರಪಿ ಕ್ಲಿನಿಕ್ ಆದರೆ ಅವರು ಸ್ತನ ಕ್ಯಾನ್ಸರಿನ ರೋಗಿಗಳನ್ನು ನೋಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಎಲ್ಲ ಭುಜದ ನೋವಿಗೂ ಒಂದೇ ಎಂಬಂತೆ ಶಾಖದ ಯಂತ್ರ ಇಡುವ ಕಡೆ, ಸ್ಪರ್ಶ ಕಡಿಮೆಯಾದ ಚರ್ಮ ಸುಟ್ಟುಹೋಗುವ ಅಪಾಯವಿದೆ. ಜಿಮ್‌ಗೆ ಸೇರುವುದು ತಪ್ಪಲ್ಲ, ಆದರೆ ಮೊದಲ ಮೂರು ತಿಂಗಳ ಅಡಿಪಾಯ ಮನೆಯಲ್ಲಿ ಆದ ಮೇಲೆ. ಕೊಬ್ಬರಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿಕೊಳ್ಳುವುದು ಬೇಡ. ದುಗ್ಧರಸಕ್ಕಾಗಿ ಮಾಡುವ ಮಸಾಜ್ ಚರ್ಮವನ್ನು ಸರಿಸುವಷ್ಟು ಮಾತ್ರ ಹಗುರವಾಗಿರುತ್ತದೆ. ಬಾವು ಇಲ್ಲದ ಕೈಗೆ ಬಿಗಿ ತೋಳುಚೀಲ ಕಡ್ಡಾಯವಲ್ಲ. ಬಾವು ಇದ್ದರೆ ಅಳತೆ ತೆಗೆಸಿ ಮಾಡಿಸಿದ್ದು ಬೇಕು. ಆನ್‌ಲೈನಿನಲ್ಲಿ ಅಂದಾಜಿನಿಂದ ತರಿಸಿದ್ದು ಮಣಿಕಟ್ಟಿನಲ್ಲಿ ಬಿಗಿದು ಬೆರಳುಗಳನ್ನೇ ಊದಿಸುವುದನ್ನು ನಾನು ಕಂಡಿದ್ದೇನೆ.

ಏನೂ ಮಾಡದೆ ಇರುವುದೂ ಒಂದು ಆಯ್ಕೆಯೇ, ಆದರೆ ಅದು ಸುರಕ್ಷಿತವಾದುದಲ್ಲ. ಭುಜ ಇನ್ನಷ್ಟು ಬಿಗಿಯುತ್ತದೆ, ತೂಕ ಏರುತ್ತದೆ, ಮತ್ತು ಹೆಚ್ಚಿದ ತೂಕ ಬಾವಿಗೆ ಕಾರಣವಾಗುವ ಅಂಶಗಳಲ್ಲಿ ಖಚಿತವಾಗಿ ಗೊತ್ತಿರುವ ಒಂದು.

ವ್ಯಾಯಾಮಕ್ಕಿಂತ ಹೆಚ್ಚಾಗಿ ಚರ್ಮದ ಬಗ್ಗೆ ಎಚ್ಚರವಿರಲಿ. ಈಳಿಗೆಯಲ್ಲಿ ಮೀನು ಕೊಯ್ಯುವಾಗ ಆದ ಸಣ್ಣ ಗೀರು, ಕಾವಲಿಯ ಅಂಚು ತಾಗಿದ ಬೊಕ್ಕೆ, ಕೆರೆದುಕೊಂಡ ಸೊಳ್ಳೆ ಕಡಿತ ಇವುಗಳಿಂದ ಒಳಹೋಗುವ ಸೋಂಕು ಬಾಟಲಿಯ ಅರ್ಧ ಕಿಲೋಗಿಂತ ಎಷ್ಟೋ ಪಾಲು ಅಪಾಯಕಾರಿ. ತೊಳೆದು, ಸೋಂಕುನಿವಾರಕ ಹಚ್ಚಿ, ಪಾತ್ರೆ ತೊಳೆಯುವಾಗ ಕೈಗವಸು ಹಾಕಿ. ಆ ಕೈಯಲ್ಲಿ ಒಮ್ಮೆ ರಕ್ತದೊತ್ತಡ ನೋಡಿದರೆ ಅಥವಾ ರಕ್ತ ತೆಗೆದರೆ ಬಾವು ಬಂದೇ ಬರುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡಿಲ್ಲ. ಎಡಗೈ ಲಭ್ಯವಿರುವಾಗ ಅದನ್ನೇ ಕೊಡಿ, ತುರ್ತಿನಲ್ಲಿ ಬಲಗೈ ಬಳಸಿದರೆ ರಾತ್ರಿಯೆಲ್ಲ ಚಿಂತಿಸಬೇಡಿ.

ಕೈ ಅಥವಾ ಎದೆಯ ಚರ್ಮ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು, ಆ್ಯಂಟಿಬಯಾಟಿಕ್ ತಡವಾಗಬಾರದು. ಕೈ ದಿಢೀರನೆ ಬಾತುಕೊಂಡು ನೀಲಿಯಾದರೆ, ಎದೆನೋವು ಅಥವಾ ಉಸಿರುಕಟ್ಟುವಿಕೆ ಬಂದರೆ, ಕೈಯ ಬಲ ಕುಂದುತ್ತಿದೆ ಎನಿಸಿದರೆ, ಬೆನ್ನು, ಸೊಂಟ ಅಥವಾ ಪಕ್ಕೆಲುಬಿನಲ್ಲಿ ಮಲಗಿದರೂ ಬಿಡದ ಹೊಸ ನೋವು ಎರಡು ವಾರ ಮೀರಿದರೆ, ವ್ಯಾಯಾಮ ನಿಲ್ಲಿಸಿ ನಿಮ್ಮ ಕ್ಯಾನ್ಸರ್ ವೈದ್ಯರ ಬಳಿ ಹೋಗಿ. ಮುಂದಿನ ತಪಾಸಣೆಗೆ ಹೋಗುವಾಗ ಅಳತೆ ಬರೆದ ಚೀಟಿ ಜೊತೆಗಿರಲಿ. ಆಪರೇಷನ್ನಿನಲ್ಲಿ ಎಷ್ಟು ಗ್ರಂಥಿಗಳನ್ನು ತೆಗೆದರು, ಕಂಕುಳಿಗೂ ರೇಡಿಯೇಷನ್ ಕೊಟ್ಟಿದ್ದಾರೆಯೆ, ಮೂಳೆಯ ಬಗ್ಗೆ ಭಾರ ಎತ್ತಲು ಅಡ್ಡಿ ಏನಾದರೂ ಇದೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಫೈಲಿನ ಮೊದಲ ಪುಟದಲ್ಲೇ ಬರೆಸಿಕೊಳ್ಳಿ. ನಿಮಗೆ ವ್ಯಾಯಾಮ ಕಲಿಸುವವರು ಮೊದಲು ಕೇಳಬೇಕಾದದ್ದೂ ಅವನ್ನೇ.